ಎಲ್ಲ ಬೂದಿಯೂ ಒಂದೇ ಅಲ್ಲ

ಬಳ್ಳಾರಿ ಜಿಲ್ಲೆಯ ಕುಡತಿನಿಯ ಹತ್ತಿರ, ಹೊಸಪೇಟೆ ರಸ್ತೆಯ ಮಗ್ಗುಲಿಗೆ ಒಂದು ಬೂದಿದಿಬ್ಬ ಇದೆ. ರಾಕ್ಷಸರನ್ನು ಸುಟ್ಟ ಬೂದಿ ಎಂದು ಹಿರಿಯರು ಹೇಳುತ್ತಾ ಬಂದರು. ಋಷಿಗಳ ಯಜ್ಞದ ಬೂದಿ ಎಂದವರೂ ಉಂಟು. ಇಂಥ ದಿಬ್ಬಗಳನ್ನು ನೋಡಲು ಬಂದ ಬ್ರಿಟಿಷರಲ್ಲಿ ಕೆಲವರು ಜ್ವಾಲಾಮುಖಿಯ ಕಿಟ್ಟವಿರಬೇಕೆಂದು ಊಹಿಸಿದರು. ಅಸಲಿಗೆ ಅದು ಸಗಣಿಯ ಬೂದಿ. ಸುಮಾರು 4 ಸಾವಿರ ವರ್ಷಗಳ ಹಿಂದೆ ಇಲ್ಲಿ ದನ ಸಾಕಿಕೊಂಡಿದ್ದ ನವಶಿಲಾಯುಗದ ಜನ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟಿದ್ದರು. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ ಪದರಗಳ ನಡುವೆ ದನದ ಗೊರಸಿನ ಗುರುತೇ ಸಿಕ್ಕಿತು. ರಾಕ್ಷಸರ ಕತೆಯನ್ನು ಸರಿಸಿ ದನಗಾಹಿಗಳ ಬದುಕನ್ನು ನಮಗೆ ಕೊಟ್ಟದ್ದು ಒಂದು ಗೊರಸಿನ ಗುರುತು.

ಗುಜರಿ ಅಂಗಡಿಯಲ್ಲಿ ಹಳೆಯ ಸಾಮಾನು ಹುಡುಕುವಾಗ ನನಗೆ ಆ ಗೊರಸು ನೆನಪಾಗುತ್ತದೆ. ಬಳ್ಳಾರಿಯ ಗುಜರಿಗಳಲ್ಲಿ, ಸಿರುಗುಪ್ಪ, ಕುರುಗೋಡು ಕಡೆಯ ಸಂತೆಗಳಲ್ಲಿ, ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂಡೇ ಬಜಾರಿನಲ್ಲಿ ಒಂದೇ ಬಗೆಯ ತಪ್ಪು ನಂಬಿಕೆಗಳು ಓಡಾಡುತ್ತವೆ. ಅವುಗಳಿಂದ ಜನ ದುಡ್ಡು ಕಳೆದುಕೊಳ್ಳುತ್ತಾರೆ, ಸಾಮಾನು ತನ್ನ ಗುರುತು ಕಳೆದುಕೊಳ್ಳುತ್ತದೆ. ನನ್ನನ್ನು ಹೆಚ್ಚು ಕಾಡುವುದು ಎರಡನೆಯದು.

ಮೊದಲ ನಂಬಿಕೆ: ಹಿತ್ತಾಳೆ ಎಷ್ಟು ಹೊಳೆದರೆ ಅಷ್ಟು ಬೆಲೆ. ಒಂದು ಗುಜರಿಯಲ್ಲಿ ನಾನು ಎತ್ತಿಕೊಂಡ ಚೊಂಬು ಕಂದು ಬಣ್ಣಕ್ಕೆ ತಿರುಗಿತ್ತು. ಅಂಗಡಿಯಾತ, "ಮಷಿನ್ ಪಾಲಿಶ್ ಹಾಕಿಸ್ರಿ ಅಕ್ಕ, ಬಂಗಾರದಂಗ ಆಗ್ತೈತಿ" ಅಂದ. ಬೆಳಕಿಗೆ ಹಿಡಿದು ಓರೆ ಮಾಡಿದೆ. ಕಂಠದ ಕೆಳಗೆ ಚಿಕ್ಕ ಚಿಕ್ಕ ಚುಕ್ಕೆಗಳ ಸಾಲು ಇತ್ತು. ಉಳಿಯ ಮೊನೆಯಿಂದ ಕುಟ್ಟಿ ಕುಟ್ಟಿ ಬರೆಸಿದ ಒಬ್ಬ ಹೆಣ್ಣುಮಗಳ ಹೆಸರು. ಹೆಸರು ತೆಲುಗು ಲಿಪಿಯಲ್ಲಿ, ಪಕ್ಕದಲ್ಲಿ ಊರಿನ ಹೆಸರು ಕನ್ನಡದಲ್ಲಿ. 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಸರ್ಕಾರದ ಕೆಳಗಿದ್ದ, ಎರಡು ಭಾಷೆಯಲ್ಲಿ ಬದುಕಿದ ಬಳ್ಳಾರಿ ಜಿಲ್ಲೆಯ ಚೊಂಬು ಅದು. ಮದುವೆಗೆ ಮುಯ್ಯಿ ಮಾಡುವವರು, ಮಗಳಿಗೆ ಪಾತ್ರೆ ಕೊಡುವವರು ಹೀಗೆ ಹೆಸರು ಹಾಕಿಸುತ್ತಿದ್ದರು. ಮಷಿನ್ ಪಾಲಿಶಿನ ಚಕ್ರ ಲೋಹದ ಮೇಲ್ಪದರವನ್ನೇ ತೆಗೆಯುತ್ತದೆ. ಆ ಚುಕ್ಕೆಗಳ ಆಳ ಉಗುರಿಗೆ ಸಿಗುವಷ್ಟೂ ಇರುವುದಿಲ್ಲ. ಎರಡು ಸಲ ಪಾಲಿಶ್ ಆದರೆ ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ; ಉಳಿಯುವುದು ತೂಕಕ್ಕೆ ಹೋಗುವ ಹಿತ್ತಾಳೆ.

ಹುಣಸೆಹುಳಿ ಹಚ್ಚಬಾರದೇ ಎಂದು ಕೇಳುತ್ತಾರೆ. ದಿನ ಬಳಸುವ ಪಾತ್ರೆಗೆ, ದೇವರ ಸಾಮಾನಿಗೆ ಧಾರಾಳವಾಗಿ ಹಚ್ಚಬಹುದು. ಹುಣಸೆಯ ಆಮ್ಲ ಕಪ್ಪು ಪದರವನ್ನು ಕರಗಿಸುತ್ತದೆ. ಆದರೆ ಉಪ್ಪು ಬೆರೆಸಿ ರಾತ್ರಿಯಿಡೀ ಬಿಟ್ಟರೆ ಹಿತ್ತಾಳೆಯೊಳಗಿನ ಸತುವೂ ಬಿಟ್ಟುಕೊಂಡು, ಅಲ್ಲಲ್ಲಿ ತಾಮ್ರದ ಕೆಂಪು ಮಚ್ಚೆ ಏಳುತ್ತದೆ. ಸರಿಯಾಗಿ ತೊಳೆಯದೆ ಉಳಿದ ಉಪ್ಪು ಕೆಲವು ತಿಂಗಳಲ್ಲಿ ಹಸಿರು ಪುಡಿಯಾಗಿ ಹೊರಬರುತ್ತದೆ. ನಯವಾಗಿ ಅಂಟಿಕೊಂಡ ಹಳೆಯ ಕಂದು ಅಥವಾ ಹಸಿರು ಪದರ ಲೋಹವನ್ನು ಕಾಯುತ್ತದೆ. ಮುಟ್ಟಿದರೆ ಉದುರುವ ಹಸಿರು ಪುಡಿ ಲೋಹವನ್ನು ತಿನ್ನುತ್ತಿರುತ್ತದೆ. ಎರಡನ್ನೂ ಬರೀ "ಕಿಲುಬು" ಅಂದುಬಿಡುತ್ತೇವೆ. ಬೆರಳಾಡಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ.

ಇನ್ನು ಬೂದಿ. "ಅಜ್ಜಿ ಬೂದಿ ಹಾಕಿ ತಿಕ್ಕುತ್ತಿದ್ದಳು, ನಾವೂ ತಿಕ್ಕೋಣ" ಅನ್ನುವ ಮಾತು ಕುಡತಿನಿಯಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ. ಅಜ್ಜಿಯ ಬೂದಿ ಒಲೆಯ ಕಟ್ಟಿಗೆ, ಕುಳ್ಳಿನದು. ಜರಡಿ ಹಿಡಿದರೆ ಮೆತ್ತಗಿರುತ್ತದೆ, ಅದರ ಕ್ಷಾರ ಜಿಡ್ಡು ಬಿಡಿಸುತ್ತದೆ. ಇಲ್ಲಿನ ಉಷ್ಣವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟು ಬರುವ ಹಾರುಬೂದಿ ಹಾಗಲ್ಲ; ಅದರಲ್ಲಿ ಗಾಜಿನಂಥ ಸಿಲಿಕಾ ಕಣಗಳು ತುಂಬಿರುತ್ತವೆ. ಅದರಿಂದ ಹಿತ್ತಾಳೆ ತಿಕ್ಕಿದರೆ ಗೀರುಗಳೇ ಗತಿ. ಜೊತೆಗೆ ನಮ್ಮ ಕಡೆಯ ಕೆಂಪು ಧೂಳು. ಅದು ಕಬ್ಬಿಣದ ಅದಿರಿನ ಪುಡಿ, ಹಿತ್ತಾಳೆಗಿಂತ ಗಡುಸು. ಒಣಬಟ್ಟೆಯಿಂದ ಒರೆಸಿದರೆ ಸ್ವಚ್ಛವಾಯಿತು ಅಂದುಕೊಳ್ಳುತ್ತೇವೆ, ಆದರೆ ಅದು ಉಪ್ಪುಕಾಗದ ಆಡಿಸಿದ ಹಾಗೆ. ಮೊದಲು ಮೆತ್ತನೆ ಬ್ರಶ್ಶಿನಿಂದ ಧೂಳು ಕೊಡವಿ, ಆಮೇಲೆ ಬಟ್ಟೆ ಮುಟ್ಟಿಸಬೇಕು.

ಪಾತ್ರೆಯ ಒಳಗಿನ ಬಿಳಿ ಹೊಳಪು ಬೆಳ್ಳಿಯೆಂದು ಮಾರುವವರಿದ್ದಾರೆ. ಅದು ಕಲಾಯಿ, ಅಂದರೆ ತವರ. 232 ಡಿಗ್ರಿಗೆ ಕರಗುತ್ತದೆ. ನವಸಾಗರ ಹಾಕಿ ಕಾದ ಪಾತ್ರೆಗೆ ಬಳಿಯುತ್ತಾರೆ. ಅಡುಗೆಗೆ ಬಳಸುವುದಾದರೆ ಮತ್ತೆ ಕಲಾಯಿ ಹಾಕಿಸಲೇಬೇಕು. ಬರೀ ಇಟ್ಟು ನೋಡುವುದಾದರೆ ಹಳೆಯ ಸವೆದ ಕಲಾಯಿಯನ್ನು ಹಾಗೇ ಬಿಡಿ.

ದುಡ್ಡು ಕಳೆಯುವ ನಂಬಿಕೆಗಳ ವಿಷಯಕ್ಕೆ ಬರುತ್ತೇನೆ. ಅಕ್ಕಿಯನ್ನು ಎಳೆಯುವ ತಾಮ್ರದ ಚೊಂಬು ಎಲ್ಲೂ ಇಲ್ಲ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ, ಕಾಳಿನೊಳಗೆ ಸೇರಿಸಿದ ಕಬ್ಬಿಣದ ಎಳೆಯನ್ನು ಅಡಗಿಸಿಟ್ಟ ಅಯಸ್ಕಾಂತ ಎಳೆಯುತ್ತದೆ. ಹಳೇ ವಾಲ್ವ್ ರೇಡಿಯೊದೊಳಗೆ ಲಕ್ಷಗಟ್ಟಲೆ ಬಾಳುವ "ಕೆಂಪು ಪಾದರಸ" ಇದೆ ಎಂಬುದೂ ಸುಳ್ಳು. ವಾಲ್ವಿನ ಗಾಜಿನ ತುದಿಯಲ್ಲಿ ಕನ್ನಡಿಯಂತೆ ಮಿಂಚುವುದು ಬೇರಿಯಂ ಲೋಹದ ತೆಳು ಲೇಪ; ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳಲು ಹಾಕಿದ್ದು. ಅದು ಬೆಳ್ಳಗೆ ತಿರುಗಿದ್ದರೆ ಗಾಳಿ ನುಗ್ಗಿ ವಾಲ್ವ್ ಸತ್ತಿದೆ ಎಂದರ್ಥ. ಈ ಸುದ್ದಿ ನಂಬಿ ಒಳ್ಳೊಳ್ಳೆಯ ರೇಡಿಯೊಗಳನ್ನು ಬಿಚ್ಚಿ ಒಡೆದವರಿದ್ದಾರೆ ಎಂಬುದು ನನಗೆ ನಿಜವಾದ ಸಂಕಟ. ಅಂಥ ರೇಡಿಯೊ ಸಿಕ್ಕರೆ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಬೇಡಿ. ಒಳಗಿನ ಹಳೆಯ ಕೆಪಾಸಿಟರುಗಳು ಒಣಗಿರುತ್ತವೆ, ಮೊದಲು ಬಲ್ಲವರಿಗೆ ತೋರಿಸಿ.

ನಾಣ್ಯಗಳದು ಇನ್ನೊಂದು ಕತೆ. ಒಂದು ಬದಿಗೆ ರಾಮ, ಸೀತೆ, ಹನುಮಂತ, ಇನ್ನೊಂದು ಬದಿಗೆ ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಎಂದಿರುವ ಬಿಲ್ಲೆ ಪ್ರತಿ ಜಾತ್ರೆಯಲ್ಲೂ ಸಿಗುತ್ತದೆ. ಮದ್ರಾಸಿನಲ್ಲಿ ಕಂಪನಿ ಟಂಕಿಸಿದ ಪಗೋಡಗಳ ಮೇಲೆ ದೇವರ ಚಿತ್ರ ಇದ್ದದ್ದು ನಿಜ, ಆದರೆ ಇಂಥ ಅರ್ಧ ಆಣೆ ಕಂಪನಿಯ ಟಂಕಸಾಲೆಯಿಂದ ಹೊರಬರಲೇ ಇಲ್ಲ. ಅದು ಪೂಜೆಯ ಬಿಲ್ಲೆ, ಆ ಭಕ್ತಿಯಿಂದ ಇಟ್ಟುಕೊಳ್ಳಬಹುದು. ಹಳೇ ನಾಣ್ಯ ಕೊಳ್ಳುತ್ತೇವೆ, ಮೊದಲು ಕಮಿಷನ್ ಕಟ್ಟಿ ಎಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳುವವರ ಬಗ್ಗೆ 2021ರಲ್ಲಿ ಆ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ.

ಥಳಥಳಿಸುವ ಹಿತ್ತಾಳೆಯ ಕೊಂಬಿನ ಗ್ರಾಮಫೋನ್ ಕಂಡರೆ ಆಸೆಪಡುವ ಮುನ್ನ ನಿಲ್ಲಿ. ಇಂದು ಮಾರುಕಟ್ಟೆಯಲ್ಲಿರುವ ಅಂಥವುಗಳಲ್ಲಿ ಹೆಚ್ಚಿನವು ಹೊಸದಾಗಿ ಜೋಡಿಸಿದವು. ಹಳೆಯ ಕಾಲದ ಕೊಂಬುಗಳು ಬಹುಪಾಲು ಬಣ್ಣ ಬಳಿದ ತಗಡಿನವು, ಕೆಲವು ಮರದವು. ಬೀದಿಯಲ್ಲಿ ಸಿಗುವ ನಿಜವಾದ ಹಳೆಯ ಯಂತ್ರ ಹೆಚ್ಚಾಗಿ ಕೊಂಬೇ ಇಲ್ಲದ, ಸೂಟ್‌ಕೇಸಿನಂಥ ಕಪ್ಪು ಪೆಟ್ಟಿಗೆ. ಅದರ ತಟ್ಟೆಗಳ ವಿಷಯದಲ್ಲಿ ನನ್ನ ಕೈಯಿಂದಲೇ ತಪ್ಪಾಗಿದೆ. ಗಾಜು, ಲೋಹ ಎಲ್ಲವೂ ಸ್ಪಿರಿಟಿನಿಂದ ಚೆನ್ನಾಗಿ ಸ್ವಚ್ಛವಾಗುತ್ತದೆ ಎಂದು ನಿಮಿಷಕ್ಕೆ 78 ಸುತ್ತು ಹಾಕುವ ತಟ್ಟೆಯನ್ನೂ ಒರೆಸಿದೆ. ಅರಳೆ ಕಪ್ಪಾಯಿತು. ಕೊಳೆ ಬಿಡುತ್ತಿದೆ ಅಂದುಕೊಂಡು ಇನ್ನಷ್ಟು ತಿಕ್ಕಿದೆ. ಬಿಡುತ್ತಿದ್ದದ್ದು ಹಾಡು. ಆ ತಟ್ಟೆಗಳು ಅರಗಿನವು, ನಮ್ಮ ದೇಶದ ಮರಗಳ ಮೇಲೆ ಅರಗಿನ ಹುಳು ಕೊಟ್ಟ ಅಂಟಿಗೆ ಕಲ್ಲುಪುಡಿ ಸೇರಿಸಿ ಒತ್ತಿದವು. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ತಣ್ಣೀರಿಗೆ ಒಂದು ಹನಿ ಮೆದು ಸೋಪು ಸಾಕು, ನಡುವಿನ ಲೇಬಲ್ ನೆನೆಯಬಾರದು. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಬೇಕು. ತಟ್ಟೆಯೊಳಗಿನ ಕಲ್ಲುಪುಡಿಯೇ ಅದನ್ನು ಸವೆಸುತ್ತದೆ, ಸವೆದ ಮುಳ್ಳು ಗೆರೆಯನ್ನು ಕೊರೆಯುತ್ತದೆ.

ಎಚ್‌ಎಂಟಿ ಗಡಿಯಾರದ ಬಗ್ಗೆ ಎರಡೇ ಮಾತು. 17 ಜುವೆಲ್ಸ್ ಅಂದರೆ ಬೆಲೆಬಾಳುವ ಹರಳಲ್ಲ, ಉಜ್ಜಾಟ ತಡೆಯುವ ಕೃತಕ ಮಾಣಿಕ್ಯ. ಹೊಸದರಂತೆ ಮಿರುಗುವ ಬಣ್ಣದ ಮುಖಗಳು ಹೆಚ್ಚಾಗಿ ಮತ್ತೆ ಬಳಿದವು. ಮಾಸಿದ ಮುಖವೇ ಮೇಲು.

ಕೊನೆಯ ನಂಬಿಕೆ ಅಪಾಯದ್ದು: ನೆಲದಲ್ಲಿ ಸಿಕ್ಕಿದ್ದು ಸಿಕ್ಕವರದು. ಹಾಗಿಲ್ಲ. ಕರ್ನಾಟಕದಲ್ಲಿ ಇದಕ್ಕೆಂದೇ 1962ರ ನಿಧಿ ಕಾಯಿದೆ ಇದೆ. ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ನಾಣ್ಯ, ಕಲಾವಸ್ತುಗಳು ಪುರಾವಸ್ತು, ಹಸ್ತಪ್ರತಿಗಾದರೆ 75 ವರ್ಷವೇ ಸಾಕು. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ನಮ್ಮ ಸೀಮೆಯಲ್ಲಿ ಹೊಲ ಉತ್ತರೆ ಕಲ್ಲಿನ ಕೊಡಲಿ ಏಳುತ್ತದೆ. ಅದನ್ನು ಶೋಕೇಸಿಗೆ ತಂದಿಟ್ಟರೆ ಅದು ಬರೀ ಕಲ್ಲು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ನೆಲದಲ್ಲೆಲ್ಲ ಅಲೆದು ಕೂಡಿಸಿ, 1904ರಲ್ಲಿ ಮದ್ರಾಸ್ ಮ್ಯೂಸಿಯಂ ಸೇರಿದ ಸಂಗ್ರಹಕ್ಕೆ ಇಂದಿಗೂ ಬೆಲೆ ಇರುವುದು, ಯಾವುದು ಎಲ್ಲಿ ಸಿಕ್ಕಿತೆಂದು ಆತ ಬರೆದಿಟ್ಟದ್ದರಿಂದ. ಬಳ್ಳಾರಿಯಲ್ಲಿ ಆತನ ಹೆಸರಿನದೇ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ ಇದೆ. ಅಂಥ ಕಲ್ಲು ಕಂಡರೆ ಇದ್ದಲ್ಲೇ ಬಿಟ್ಟು ಅಲ್ಲಿಯವರಿಗೆ ಹೇಳಿ. ನಾವು ಕೊಳ್ಳಬೇಕಾದದ್ದು ಮನೆಯಲ್ಲಿ ಬಾಳಿ ಬೀದಿಗೆ ಬಂದ ಸಾಮಾನು.

ಅದನ್ನು ಇಡುವ ಜಾಗವೂ ಮುಖ್ಯ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಕಿಟಕಿ ಬಿಸಿಲಿಗೆ ಅರಗಿನ ತಟ್ಟೆ ಡೊಂಕಾಗುತ್ತದೆ, ರೇಡಿಯೊ ಪೆಟ್ಟಿಗೆಯ ತೆಳುಮರ ಏಳುತ್ತದೆ. ಒಳಗೋಡೆಯ ನೆರಳೇ ಸರಿ.

ನನ್ನ ಚೊಂಬು ಅಂಥ ಗೋಡೆಯ ಗೂಡಿನಲ್ಲಿದೆ. ತೊಳೆದದ್ದು ಬರೀ ನೀರಿನಲ್ಲಿ, ಒರೆಸಿದ್ದು ಹಳೆಯ ಪಂಚೆಯಲ್ಲಿ. ಕೊಂಡ ದಿನ, ಅಂಗಡಿಯಿದ್ದ ಓಣಿ, ಕೊಟ್ಟ ದುಡ್ಡು ಬರೆದ ಚೀಟಿ ಒಳಗಿದೆ. ಸಂಜೆ ದೀಪ ಹಾಕಿದಾಗ ಬೆಳಕು ಓರೆಯಾಗಿ ಬಿದ್ದು ಚುಕ್ಕೆಗಳು ಒಂದೊಂದಾಗಿ ಕಾಣುತ್ತವೆ, ಆ ಹೆಣ್ಣುಮಗಳ ಹೆಸರು ಓದಲು ಬರುತ್ತದೆ.