ನಾನೂರು ಗಜದ ದಾರಿ

1986ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಗುಡ್ಡದ ಮೇಲೆ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ, ಕೆಳಗೆ ಬರ್ಕ್ಲಿ ವಿಶ್ವವಿದ್ಯಾಲಯ. ನಡುವಿನ ದೂರ ಬರೀ ನಾನೂರು ಗಜ. ಆ ದಾರಿಯಲ್ಲಿ ಸೆಕೆಂಡಿಗೆ 32,000 ಬಿಟ್ ಹರಿಯುತ್ತಿದ್ದ ಮಾಹಿತಿ ಇದ್ದಕ್ಕಿದ್ದಂತೆ 40 ಬಿಟ್‌ಗೆ ಕುಸಿಯಿತು. ಅಂದರೆ ಸೆಕೆಂಡಿಗೆ ಐದೇ ಅಕ್ಷರ! ತಂತಿ ತುಂಡಾಗಿರಲಿಲ್ಲ, ಎರಡೂ ಕಡೆಯ ಯಂತ್ರಗಳು ಬಿಡುವಿಲ್ಲದೆ ದುಡಿಯುತ್ತಲೇ ಇದ್ದವು.

ಪ್ರಯೋಗಾಲಯದ ವ್ಯಾನ್ ಜೇಕಬ್ಸನ್‌ರನ್ನು ಈ ಒಗಟು ಹಿಡಿದುಕೊಂಡಿತು. ಕೆಳಗೆ ವಿಶ್ವವಿದ್ಯಾಲಯದಲ್ಲಿ ಬಿಎಸ್‌ಡಿ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಮೈಕ್ ಕ್ಯಾರೆಲ್ಸ್ ಜೊತೆಯಾದರು. ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರೂ, ಇಂಟರ್ನೆಟ್‌ನಲ್ಲಿ ಮಾಹಿತಿ ಸಾಗಿಸುವ ನಿಯಮಾವಳಿಯಾದ ಟಿಸಿಪಿ ಏಕೆ ಸೋಲುತ್ತಿದೆ ಎಂಬುದು ಹೊಳೆಯಲಿಲ್ಲ. ಕೊನೆಗೆ ಜೇಕಬ್ಸನ್ ಪ್ರಶ್ನೆಯನ್ನೇ ತಿರುವಿ ಹಾಕಿದರು: ಇಷ್ಟು ದಿನ ಇದು ನಡೆದದ್ದಾದರೂ ಹೇಗೆ?

ಊಹೆ ಸಾಲದು, ಕಣ್ಣಾರೆ ಕಾಣಬೇಕಿತ್ತು. ಆಗಿನ ಈಥರ್ನೆಟ್‌ನಲ್ಲಿ ಎಲ್ಲರಿಗೂ ಒಂದೇ ಕೇಬಲ್. ಒಬ್ಬರ ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಎಲ್ಲರ ಬಾಗಿಲ ಮುಂದೆಯೇ ಹಾಯುತ್ತಿತ್ತು. ತನ್ನ ವಿಳಾಸವಿಲ್ಲದ್ದನ್ನು ಕಂಪ್ಯೂಟರ್ ಬಿಟ್ಟುಬಿಡುತ್ತಿತ್ತು. ಬಿಡಬೇಡ, ಎಲ್ಲವನ್ನೂ ಎತ್ತಿಕೋ ಎಂದು ಅದಕ್ಕೆ ಹೇಳಿದರೆ ಪಕ್ಕದ ಯಂತ್ರದ ಮಾತುಕತೆಯೂ ಕೈಗೆ ಸಿಗುತ್ತಿತ್ತು.

ಸನ್ ಕಂಪನಿಯ ಎರಡು ಕಂಪ್ಯೂಟರುಗಳ ನಡುವೆ ಓಡಿದ ಒಂದೊಂದು ಪ್ಯಾಕೆಟನ್ನೂ ಅವರು ಹಾಳೆಯ ಮೇಲೆ ಒಂದೊಂದು ಚುಕ್ಕೆಯಾಗಿ ಇಟ್ಟರು. ಎಲ್ಲ ನೆಟ್ಟಗಿದ್ದರೆ ಚುಕ್ಕೆಗಳು ಓರೆಯಾಗಿ ಮೇಲೇರುವ ಒಂದೇ ಗೆರೆಯಾಗಬೇಕಿತ್ತು. ಕಂಡದ್ದು ಮತ್ತೆ ಮತ್ತೆ ಹಿಂದಕ್ಕೆ ಜಾರುವ ಚೂರುಪಾರು ಗೆರೆಗಳು. ಹೆಚ್ಚುಕಡಿಮೆ ಎಲ್ಲವೂ ಎರಡನೇ ಸಲ ಹೊರಟಿತ್ತು. 54ರಿಂದ 58ನೇ ಕಿಲೋಬೈಟ್‌ವರೆಗಿನದಂತೂ ಐದು ಸಲ! ದಾರಿಯ ಸಾಮರ್ಥ್ಯದಲ್ಲಿ ಕೆಲಸಕ್ಕೆ ಬಂದದ್ದು ಶೇ. 35 ಮಾತ್ರ.

ಗುಟ್ಟು ಅಲ್ಲಿತ್ತು. ತಲುಪಿದ ಪ್ಯಾಕೆಟ್‌ಗೆ ಸ್ವೀಕೃತಿ ಮರಳುತ್ತದೆ. ಅದು ಬಂದ ಹಾಗೆ ಮುಂದಿನದನ್ನು ಕಳಿಸಿದರೆ ದಾರಿ ತಾಳುವಷ್ಟೇ ಹರಿವು. ಆದರೆ ಮೊದಲ ಕ್ಷಣದಲ್ಲಿ ಸ್ವೀಕೃತಿಯೇ ಇರುವುದಿಲ್ಲ. ಕಳಿಸುವವನು ಕಳಿಸಬಹುದಾದಷ್ಟನ್ನೂ ಒಮ್ಮೆಗೇ ಸುರಿಯುತ್ತಿದ್ದ, ಎರಡು ಜಾಲಗಳ ನಡುವಿನ ಗೇಟ್‌ವೇ ತುಂಬಿ ಚೆಲ್ಲುತ್ತಿತ್ತು, ಚೆಲ್ಲಿದ್ದನ್ನು ಅವನು ಮತ್ತೆ ಸುರಿಯುತ್ತಿದ್ದ. ಮದ್ದು ಸರಳ: ಮೊದಲು ಒಂದು, ಅದು ಮುಟ್ಟಿದರೆ ಎರಡು, ಆಮೇಲೆ ನಾಲ್ಕು. ಇದಕ್ಕೆ ಬೇಕಾದದ್ದು ಒಂದು ಹೊಸ ವೇರಿಯಬಲ್, ಮೂರು ಸಾಲು ಕೋಡ್. 1988ರಲ್ಲಿ ಇದನ್ನು ವಿವರಿಸಿದ ಜೇಕಬ್ಸನ್‌ರ ಪ್ರಬಂಧ ಹೊರಬಂತು.

ಟಿಸಿಪಿಯನ್ನು ಸುಧಾರಿಸುವ ಅದೇ ಸಂಶೋಧನೆಯ ಭಾಗವಾಗಿ ಜೇಕಬ್ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಪ್ರಯೋಗಾಲಯದಲ್ಲೇ ಬರೆದ, ಹೀಗೆ ಹಾಯುವ ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ಟಿಸಿಪಿಡಂಪ್, ನೆಟ್‌ವರ್ಕ್ ಕೈಕೊಟ್ಟಾಗ ಎಂಜಿನಿಯರುಗಳು ಇವತ್ತಿಗೂ ತೆರೆಯುವ ಉಪಕರಣ.