1957ರ ಎಂವಿಪಿ ಪ್ರಶಸ್ತಿ ಟೆಡ್ ವಿಲಿಯಮ್ಸ್‌ಗೆ ಯಾಕೆ ಸಿಗಬೇಕಿತ್ತು?

ಇವತ್ತು ಒಂದು ಹಳೇ ಜಗಳ ಕೆದಕೋಣ. 1957ರಲ್ಲಿ ಬೇಸ್‌ಬಾಲ್‌ನ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ, ಅಂದ್ರೆ ಎಂವಿಪಿ ಪ್ರಶಸ್ತಿ ನ್ಯೂಯಾರ್ಕ್ ಯಾಂಕೀಸ್‌ನ ಮಿಕಿ ಮ್ಯಾಂಟಲ್‌ಗೆ ಹೋಯ್ತು. ನನ್ನ ಪ್ರಕಾರ ಅದು ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್‌ಗೆ ಸಲ್ಲಬೇಕಿತ್ತು.

ಮ್ಯಾಂಟಲ್‌ಗೆ ಆಗ 25 ವರ್ಷ. ವಿಲಿಯಮ್ಸ್‌ಗೆ ಆ ಆಗಸ್ಟ್‌ನಲ್ಲಿ 39 ತುಂಬಿತು. ಎರಡು ಯುದ್ಧಗಳಲ್ಲಿ ಸೇವೆ ಮಾಡಿ ಹೆಚ್ಚುಕಡಿಮೆ ಐದು ಸೀಸನ್ ಕಳಕೊಂಡಿದ್ದ ಮನುಷ್ಯ.

ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿ ನಮ್ಮ ಕ್ರಿಕೆಟ್ ಥರ ಅಲ್ಲ. ಲೆಕ್ಕಕ್ಕೆ ಬರೋ ಅವಕಾಶಗಳಲ್ಲಿ ಎಷ್ಟು ಸಲ ಹಿಟ್ ಸಿಕ್ಕಿತು ಅನ್ನೋದಷ್ಟೇ. 0.300 ಬಂದರೆ ಒಳ್ಳೇ ಬ್ಯಾಟರ್. ಆ ವರ್ಷ ವಿಲಿಯಮ್ಸ್ 420 ಅವಕಾಶಗಳಲ್ಲಿ 163 ಹಿಟ್ ಹೊಡೆದರು, ಅಂದ್ರೆ 0.388. ಇನ್ನು ಐದೇ ಐದು ಹಿಟ್ ಬಿದ್ದಿದ್ದರೆ 0.400! ಈ ಲೀಗ್‌ನಲ್ಲಿ ಆ ಗೆರೆ ಕೊನೆಯದಾಗಿ ಮುಟ್ಟಿದವರೂ ಅವರೇ, 1941ರಲ್ಲಿ. ಮ್ಯಾಂಟಲ್ ಸರಾಸರಿ 0.365. ಹೋಮ್ ರನ್ ವಿಲಿಯಮ್ಸ್‌ದು 38, ಮ್ಯಾಂಟಲ್‌ದು 34. ಸೆಪ್ಟೆಂಬರ್‌ನಲ್ಲಿ ಕಾಯಿಲೆ ಬಿದ್ದು ಎದ್ದುಬಂದ ಮೇಲೆ ವಿಲಿಯಮ್ಸ್ ಸತತ 16 ಸಲ ಔಟಾಗದೆ ಬೇಸ್ ತಲುಪಿದರು.

ಎದುರು ವಾದ ಗಟ್ಟಿಯಾಗೇ ಇದೆ, ಒಪ್ಪಿಕೊಳ್ತೀನಿ. ಮ್ಯಾಂಟಲ್ ವೇಗದ ಓಟಗಾರ, ಮೈದಾನದ ನಟ್ಟನಡುವೆ, ಸೆಂಟರ್ ಫೀಲ್ಡ್‌ನಲ್ಲಿ ನಿಲ್ತಿದ್ದವರು. ಫೀಲ್ಡಿಂಗ್, ಓಟ ಎಲ್ಲ ಸೇರಿಸುವ ಇವತ್ತಿನ 'ವಾರ್' ಲೆಕ್ಕವೂ ಅವರ ಪರ. ಯಾಂಕೀಸ್ ಲೀಗ್ ಗೆದ್ದಿತು, ರೆಡ್ ಸಾಕ್ಸ್ ಮೂರನೇ ಸ್ಥಾನ. ಆದರೆ ತಂಡದ ಗೆಲುವನ್ನ ಒಬ್ಬನ ಖಾತೆಗೆ ಹಾಕೋದು ಯಾವ ನ್ಯಾಯ ಹೇಳಿ?

ಇನ್ನು ಮತದಾನ. ಮತ ಹಾಕೋರು ಕ್ರೀಡಾ ಪತ್ರಕರ್ತರು, ಅವರಿಗೂ ವಿಲಿಯಮ್ಸ್‌ಗೂ ಎಣ್ಣೆ-ಸೀಗೆಕಾಯಿ ಸಂಬಂಧ. ಹಿಂದಿನ ವರ್ಷವಷ್ಟೇ ಮೈದಾನದಲ್ಲಿ ಉಗಿದು 5,000 ಡಾಲರ್ ದಂಡ ಹಾಕಿಸಿಕೊಂಡಿದ್ದರು ಈ ಪುಣ್ಯಾತ್ಮ. ಒಬ್ಬ ಪತ್ರಕರ್ತ ಅವರನ್ನ ಒಂಬತ್ತನೇ ಸ್ಥಾನಕ್ಕೆ ಹಾಕಿದ, ಇನ್ನೊಬ್ಬ ಹತ್ತನೇದಕ್ಕೆ! 0.388 ಹೊಡೆದವರಿಗೆ!

ಫಲಿತಾಂಶ: ಮ್ಯಾಂಟಲ್ 233, ವಿಲಿಯಮ್ಸ್ 209. ಮೊದಲ ಸ್ಥಾನಕ್ಕೆ 14 ಅಂಕ, ಎರಡನೇದಕ್ಕೆ 9, ಹತ್ತನೇದಕ್ಕೆ 1. ಆ ಇಬ್ಬರೂ ಎರಡನೇ ಸ್ಥಾನ ಕೊಟ್ಟಿದ್ದರೂ ಒಟ್ಟು 224 ಆಗ್ತಿತ್ತು, ಸಾಲ್ತಿರಲಿಲ್ಲ. ಇಬ್ಬರೂ ಮೊದಲ ಸ್ಥಾನ ಕೊಟ್ಟಿದ್ದರೆ? 234.