ರಂಗನತಿಟ್ಟಿಗೆ ಹೊರಡುವ ಮುನ್ನ ಕೆಆರ್‌ಎಸ್ ಹೊರಹರಿವು ನೋಡಿ

ಮಳೆಗಾಲದಲ್ಲಿ ರಂಗನತಿಟ್ಟಿಗೆ ಹೊರಡುವವರು ಮೊದಲು ಕಣ್ಣಾಡಿಸಬೇಕಾದದ್ದು ಪತ್ರಿಕೆಯ ಒಂದು ಪುಟ್ಟ ಚೌಕದ ಮೇಲೆ: ಕೆಆರ್‌ಎಸ್ ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್. ರಂಗನತಿಟ್ಟು ಪಕ್ಷಿಧಾಮ ಇರುವುದು ಕೆಆರ್‌ಎಸ್ (ಕೃಷ್ಣರಾಜಸಾಗರ) ಅಣೆಕಟ್ಟೆಯ ಕೆಳಗೆ, ಕಾವೇರಿಯ ನಡುವಿನ ಪುಟ್ಟ ತಿಟ್ಟುಗಳಲ್ಲಿ. ಜಲಾಶಯ 124.80 ಅಡಿಯ ಗರಿಷ್ಠ ಮಟ್ಟದ ಹತ್ತಿರ ಬಂದು ಹೆಚ್ಚು ನೀರು ಬಿಟ್ಟರೆ ತಿಟ್ಟುಗಳು ಮುಳುಗುತ್ತವೆ, ದೋಣಿ ನಿಲ್ಲುತ್ತದೆ. ಮಕ್ಕಳು ಮರಿ ಕಟ್ಟಿಕೊಂಡು ಹೋದವರು ದಡದಿಂದಲೇ ವಾಪಸ್.

ತಿಟ್ಟು ಕಾಯುವುದು ನೀರೇ

ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ನದಿಗೆ ಅಡ್ಡಲಾಗಿ ಕಟ್ಟೆ ಕಟ್ಟಿದಾಗ ಈ ತಿಟ್ಟುಗಳು ರೂಪುಗೊಂಡವು. ಸುತ್ತ ನೀರಿರುವುದರಿಂದ ನಾಯಿ, ನರಿ ಗೂಡಿನ ತನಕ ಬರಲಾರವು. ನೀರಿನಲ್ಲಿ ಮೊಸಳೆಗಳ ಕಾವಲು ಬೇರೆ. ಇಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡ ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯಂತೆ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಯಾವ ತಿಂಗಳು?

ಗೂಡು, ಮೊಟ್ಟೆ, ಮರಿ ನೋಡಬೇಕೆಂದರೆ ಜನವರಿಯಿಂದ ಮೇ ಒಳ್ಳೆಯದು. ವಲಸೆ ಹಕ್ಕಿಗಳಿಗೆ ಡಿಸೆಂಬರ್‌ನಿಂದ ಫೆಬ್ರವರಿ. ಬಿಸಿಲೇರುವ ಮುನ್ನವೇ ದೋಣಿ ಹತ್ತಿ. ಶ್ರೀರಂಗಪಟ್ಟಣದಿಂದ ನಾಲ್ಕೈದು ಕಿ.ಮೀ. ಅಷ್ಟೆ.

ದೋಣಿಯಲ್ಲಿ ಕೂತು ಬಾಯ್ಕಳಕ ಕೊಕ್ಕರೆಯನ್ನು ಹುಡುಕಿ. ಅದರ ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ. ಮರಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತ ಬರುತ್ತದೆ. ಕೊಕ್ಕಿನ ತುದಿಯನ್ನು ಬಸವನಹುಳುವಿನ ಚಿಪ್ಪಿನೊಳಗೆ ತೂರಿಸಿ, ಒಳಗಿನ ಮಾಂಸವನ್ನು ಬಿಡಿಸಿ ಎಳೆದು ನುಂಗುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಕಂಡರೆ ಸಿಟ್ಟೆಂದು ತಿಳಿಯಬೇಡಿ. ಮೈಯ ಕಾವು ಇಳಿಸಿಕೊಳ್ಳುವ ಬಗೆ ಅದು. ಹಾಗೆಂದು ಕೈಯನ್ನು ನೀರಿಗೆ ಬಿಡುವಂತಿಲ್ಲ.

ದೋಣಿ ನಿಂತಿದ್ದರೆ?

ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಗೆ ಹೋಗಿ. 1981ರಲ್ಲಿ ಘೋಷಣೆಯಾದ ಅಲ್ಲಿನ ನವಿಲುಧಾಮ 0.84 ಚದರ ಕಿ.ಮೀ.ನಷ್ಟು ಪುಟ್ಟದು. ಮುಂಗಾರಿನ ಮೊದಲ ಭಾಗದಲ್ಲೇ ಹೋದರೆ ಗರಿ ಬಿಚ್ಚಿದ ಗಂಡು ನವಿಲು ಸಿಕ್ಕೀತು. ಮಳೆಗಾಲ ಮುಗಿಯುವ ಹೊತ್ತಿಗೆ ಗರಿಗಳು ಉದುರಿರುತ್ತವೆ.

ಇನ್ನೊಂದು ದಾರಿ ಮೇಲುಕೋಟೆ. ಪಾಂಡವಪುರ, ಕೆ.ಆರ್. ಪೇಟೆ ತಾಲ್ಲೂಕುಗಳಲ್ಲಿ ಹರಡಿರುವ ಸುಮಾರು 50 ಚದರ ಕಿ.ಮೀ. ಕುರುಚಲು ಕಾಡನ್ನು 1974ರಲ್ಲಿ ವನ್ಯಧಾಮ ಮಾಡಿದ್ದು ಮುಖ್ಯವಾಗಿ ತೋಳಕ್ಕಾಗಿ. ಅಲ್ಲಿನ ದೇವಸ್ಥಾನಕ್ಕೆ ಬಂದವರಲ್ಲಿ ಬಹುಪಾಲು ಮಂದಿಗೆ ತಾವು ತೋಳದ ಸೀಮೆಯಲ್ಲಿ ಪುಳಿಯೋಗರೆ ತಿನ್ನುತ್ತಿದ್ದೇವೆಂಬುದು ಗೊತ್ತಿರುವುದಿಲ್ಲ. ತೋಳ ಕಾಣುವುದು ಅಪರೂಪ. ಚಿರತೆಯೂ ಇರುವ ಕಾಡಿದು. ಅರಣ್ಯ ಇಲಾಖೆಯ ಅನುಮತಿಯಿಲ್ಲದೆಯಾಗಲಿ, ಕತ್ತಲಾದ ಮೇಲಾಗಲಿ ಒಳಗೆ ಕಾಲಿಡಬೇಡಿ.

ದೂರವೇ ನಿಯಮ

ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಅಳತೆಯೇ ಗೊತ್ತುಮಾಡಿದ್ದಾರೆ: ತೋಳ, ಕರಡಿಯಿಂದ 91 ಮೀಟರ್, ಉಳಿದ ಬಹುಪಾಲು ಪ್ರಾಣಿಗಳಿಂದ 23 ಮೀಟರ್ ದೂರ ನಿಲ್ಲಬೇಕು. ನಮ್ಮ ತಿಟ್ಟುಗಳ ನಡುವೆ ಆ ದೂರವನ್ನು ಕಾಯುವವನು ಅಂಬಿಗ. ದೋಣಿ ತೀರಾ ಹತ್ತಿರ ಹೋದರೆ ತಾಯಿ ಹಕ್ಕಿ ಗೂಡು ಬಿಟ್ಟು ಏಳುತ್ತದೆ. ಮೊಟ್ಟೆಗೆ ಬಿಸಿಲು ಬಡಿಯುತ್ತದೆ, ಕಾಗೆ ಹದ್ದುಗಳಿಗೆ ದಾರಿಯಾಗುತ್ತದೆ. ಚೆನ್ನಾಗಿ ನೋಡಲು ಬೈನಾಕ್ಯುಲರ್, ಒಳ್ಳೆಯ ಫೋಟೊ ಬೇಕಿದ್ದರೆ ಉದ್ದ ಲೆನ್ಸ್ ತನ್ನಿ. ‘ಇನ್ನೊಂಚೂರು ಹತ್ರಕ್ಕೆ ಬಿಡಣ್ಣ’ ಎಂದು ಮಾತ್ರ ಅಂಬಿಗನನ್ನು ಕೇಳಬೇಡಿ.